ಅಕ್ಕಿಕಾಳಿನೊಳಗೆ ಬಿಸಿಲು ಎಲ್ಲಿ ಕೂತಿರುತ್ತದೆ?

ಓದುಗರ ಪ್ರಶ್ನೆ: ನಾನು ಮಂಡ್ಯ ಕಡೆಯ ರೈತ. ಭತ್ತ, ಕಬ್ಬು, ಸ್ವಲ್ಪ ರಾಗಿ ಬೆಳೆಯುತ್ತೇನೆ. ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಳೆ. ಗಿಡಗಳು ಸೂರ್ಯನ ಬೆಳಕನ್ನು ರಾಸಾಯನಿಕ ಶಕ್ತಿಯಾಗಿ ಮಾಡಿಕೊಳ್ಳುತ್ತವೆ ಅಂತ ಅವಳ ಪಾಠದಲ್ಲಿದೆ. ಅದನ್ನು ಓದಿ ನನ್ನನ್ನು ಕೇಳಿದಳು: "ಹಾಗಾದ್ರೆ ಅಕ್ಕಿಯೊಳಗೆ ಬಿಸಿಲು ಎಲ್ಲಿದೆ ಅಪ್ಪಾ? ಕತ್ತಲಲ್ಲಿ ಅಕ್ಕಿ ಹೊಳೆಯಲ್ವಲ್ಲ?" ನನಗೆ ಉತ್ತರ ಗೊತ್ತಾಗಲಿಲ್ಲ. ಎಲೆಗೆ ಬಿದ್ದ ಬೆಳಕು ನಿಜವಾಗಿ ಏನಾಗುತ್ತದೆ? ನನ್ನದೂ ಒಂದು ಪ್ರಶ್ನೆ ಇದೆ. ಪಕ್ಕಪಕ್ಕದ ಗದ್ದೆ, ಒಂದೇ ಬಿಸಿಲು. ಕಬ್ಬು ಅಷ್ಟೊಂದು ಬೆಳೆಯುತ್ತದೆ, ಭತ್ತ ಯಾಕೆ ಹಾಗೆ ಬೆಳೆಯುವುದಿಲ್ಲ?

ಉತ್ತರ:

ಮೊದಲು ನಿಮ್ಮ ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಗಿಡ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಒಂದಕ್ಷರ ತಪ್ಪದೆ ಬರೆಯುವ ಮಕ್ಕಳನ್ನು ನೂರಾರು ಜನ ನೋಡಿದ್ದೇನೆ. ನಡುವೆ ಒಂದು ಬಾಣ ಹಾಕುತ್ತಾರೆ. ಬಾಣದ ಮೇಲೆ 'ಸೂರ್ಯನ ಬೆಳಕು' ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ಬಾಣ ದಾಟಿದ ಮೇಲೆ ಬೆಳಕು ಎಲ್ಲಿ ಹೋಯಿತು ಅಂತ ಕೇಳಿದವರು ಬೆರಳೆಣಿಕೆಯಷ್ಟು. ಇಡೀ ವಿಷಯದ ತಿರುಳು ಇರುವುದೇ ಆ ಪ್ರಶ್ನೆಯಲ್ಲಿ.

ನೇರವಾಗಿ ಹೇಳುತ್ತೇನೆ. ಅಕ್ಕಿಯೊಳಗೆ ಬೆಳಕು ಇಲ್ಲ. ಎಲೆಗೆ ಬಿದ್ದ ಬೆಳಕು ಅಲ್ಲೇ, ಆ ಕ್ಷಣದಲ್ಲೇ ಮುಗಿದುಹೋಗುತ್ತದೆ. ಮುಗಿಯುವ ಮುಂಚೆ ಒಂದೇ ಒಂದು ಕೆಲಸ ಮಾಡುತ್ತದೆ. ಪರಮಾಣುವಿನೊಳಗಿನ ಪುಟ್ಟ ಕಣವಾದ ಒಂದು ಎಲೆಕ್ಟ್ರಾನನ್ನು ಮೇಲಕ್ಕೆ ಎತ್ತುತ್ತದೆ. ಬೆಳಕಿನ ಪಾಲು ಅಷ್ಟೇ. ಮಿಕ್ಕಿದ್ದೆಲ್ಲ ಆ ಎತ್ತಿದ ಎಲೆಕ್ಟ್ರಾನ್ ಕೆಳಗೆ ಬೀಳದ ಹಾಗೆ ಗಿಡ ನೋಡಿಕೊಳ್ಳುವ ಕಥೆ.

ಎತ್ತುವುದು ಅಂದರೆ ಏನು? ನೀವು ಒಂದು ಮೂಟೆ ರಾಗಿಯನ್ನು ಹೊತ್ತು ಅಟ್ಟಕ್ಕೆ ಏರಿಸುತ್ತೀರಿ. ನಿಮ್ಮ ತೋಳಿನ ಬಲ ಮೂಟೆಯೊಳಗೆ ಹೋಗಿ ಕೂತಿತಾ? ಇಲ್ಲ. ಬಿಚ್ಚಿ ನೋಡಿದರೆ ಅದೇ ರಾಗಿ. ಆದರೆ ಈಗ ಮೂಟೆ ಎತ್ತರದಲ್ಲಿದೆ. ಜಾರಿ ಬಿದ್ದರೆ ಕೆಳಗಿರುವ ಮಡಕೆ ಪುಡಿಯಾಗುತ್ತದೆ. ಶಕ್ತಿ ಇರುವುದು ಮೂಟೆಗೂ ನೆಲಕ್ಕೂ ನಡುವಿನ ಎತ್ತರದಲ್ಲಿ. ಎಲೆಕ್ಟ್ರಾನಿನ ವಿಷಯದಲ್ಲೂ ಹೀಗೇ. ಅಲ್ಲಿ ನೆಲ ಅಂದರೆ ಆಮ್ಲಜನಕ. ಎಲೆಕ್ಟ್ರಾನನ್ನು ಆಮ್ಲಜನಕದಷ್ಟು ಬಿಗಿಯಾಗಿ ಹಿಡಿದುಕೊಳ್ಳುವ ವಸ್ತುಗಳು ಬಹಳ ಕಡಿಮೆ. ನೀರಿನಲ್ಲಿ ಎಲೆಕ್ಟ್ರಾನುಗಳು ಆಮ್ಲಜನಕದ ಮಗ್ಗುಲಲ್ಲಿ, ಅಂದರೆ ನೆಲದ ಮೇಲೆ, ಆರಾಮಾಗಿರುತ್ತವೆ. ಗಿಡ ಅವನ್ನು ಅಲ್ಲಿಂದ ಕಿತ್ತು ತಂದು ಇಂಗಾಲದ ಜೊತೆ ಕೂರಿಸುತ್ತದೆ. ಇಂಗಾಲ ಇಲ್ಲಿ ಅಟ್ಟ. ಕೀಳುವುದಕ್ಕೆ ಬೇಕಾದ ಬಲ ಬಿಸಿಲಿನದು.

ಇದನ್ನು ನಿಮ್ಮ ಮನೆಯಲ್ಲೇ ಕಣ್ಣಾರೆ ನೋಡಬಹುದು. ಒಂದು ಹಿಡಿ ಪಾಲಕ್ ಸೊಪ್ಪನ್ನು ಚೆನ್ನಾಗಿ ಜಜ್ಜಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ನೆನೆಸಿ. ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಒಲೆಯಿಂದ, ದೀಪದಿಂದ ದೂರ ಇಟ್ಟುಕೊಳ್ಳಿ. ಮಗಳು ಮಾಡುವಾಗ ನೀವೂ ಜೊತೆಗಿರಿ. ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿ. ಕೋಣೆ ಕತ್ತಲು ಮಾಡಿ, ನೋಟು ಅಸಲಿಯೋ ನಕಲಿಯೋ ನೋಡಲು ಅಂಗಡಿಯವರು ಬಳಸುವ ನೇರಳೆ ಬಣ್ಣದ ಟಾರ್ಚಿನ ಬೆಳಕು ಬಿಡಿ. ಹಸಿರು ರಸ ಕಡುಕೆಂಪಾಗಿ ಹೊಳೆಯುತ್ತದೆ. ಮೊದಲ ಸಲ ನೋಡಿದವರು ಕಣ್ಣನ್ನೇ ನಂಬುವುದಿಲ್ಲ.

ಏನಾಯಿತು ಅಲ್ಲಿ? ಎಲೆಯ ಹಸಿರು ಬಣ್ಣದ ವಸ್ತು ಪತ್ರಹರಿತ್ತು. ಟಾರ್ಚಿನ ಬೆಳಕು ಪತ್ರಹರಿತ್ತಿನ ಎಲೆಕ್ಟ್ರಾನನ್ನು ಮೇಲಕ್ಕೆ ಎತ್ತಿತು. ಆದರೆ ನಾವು ಎಲೆಯನ್ನು ಜಜ್ಜಿ, ಅದರ ಒಳಗಿನ ವ್ಯವಸ್ಥೆಯನ್ನೆಲ್ಲ ಹಾಳುಮಾಡಿದ್ದೇವೆ. ಮೇಲೆ ಬಂದ ಎಲೆಕ್ಟ್ರಾನನ್ನು ಕೈಚಾಚಿ ತೆಗೆದುಕೊಳ್ಳುವವರು ಯಾರೂ ಇಲ್ಲ. ಅದು ವಾಪಸ್ ಬೀಳುತ್ತದೆ. ಬೀಳುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ, ಸ್ವಲ್ಪ ಕೆಂಪು ಬೆಳಕಾಗಿ ಹೊರಬರುತ್ತದೆ. ಜೀವಂತ ಎಲೆಯಲ್ಲಿ ಹೀಗೆ ಬೆಳಕಾಗಿ ವಾಪಸ್ ಬರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಆ ಚೂರು ಕೆಂಪು ಹೊಳಪನ್ನೂ ಈಗ ಉಪಗ್ರಹಗಳು ಆಕಾಶದಿಂದ ಅಳೆಯುತ್ತವೆ. ಯಾವ ಕಡೆಯ ಪೈರು ಎಷ್ಟು ಚುರುಕಾಗಿ ಕೆಲಸ ಮಾಡುತ್ತಿದೆ ಅಂತ ಅದರಿಂದ ಅಂದಾಜು ಮಾಡುತ್ತಾರೆ.

ಹಾಗಾದರೆ ಜೀವಂತ ಎಲೆಯಲ್ಲಿ ಏನಾಗುತ್ತದೆ? ಎಲೆಯ ಹಸಿರು ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಚೀಲಗಳಿವೆ. ಅದರೊಳಗೆ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ತೆಳುವಾದ ಪೊರೆಗಳು. ಆ ಪೊರೆಗಳಲ್ಲಿ ಪತ್ರಹರಿತ್ತಿನ ಅಣುಗಳು ಗುಂಪು ಗುಂಪಾಗಿ ಕೂತಿರುತ್ತವೆ. ಒಂದು ಅಣುವಿಗೆ ನಡುಮಧ್ಯಾಹ್ನದ ಬಿಸಿಲಲ್ಲೂ ಸೆಕೆಂಡಿಗೆ ಬೆಳಕಿನ ಕೆಲವೇ ಕಣಗಳು ಸಿಗುತ್ತವೆ. ಎಲೆಕ್ಟ್ರಾನನ್ನು ಹಿಡಿದು ಸಾಗಿಸುವ ಯಂತ್ರವನ್ನು ಅಣುವಿಗೊಂದರಂತೆ ಇಟ್ಟರೆ ಆ ಯಂತ್ರಗಳು ಹೆಚ್ಚು ಹೊತ್ತು ಸುಮ್ನೆ ಕೂತಿರಬೇಕಾಗುತ್ತದೆ. ಅದಕ್ಕೇ ಇನ್ನೂರು ಮುನ್ನೂರು ಅಣುಗಳು ಸೇರಿ ಒಂದೇ ಯಂತ್ರಕ್ಕೆ ಶಕ್ತಿ ಸಾಗಿಸುತ್ತವೆ. ಹೆಂಚಿನ ಮೇಲೆ ಎಲ್ಲೇ ಹನಿ ಬಿದ್ದರೂ ಹರಿದು ಬಂದು ಒಂದೇ ತೊಟ್ಟಿಗೆ ಸೇರುತ್ತದಲ್ಲ, ಹಾಗೆ.

ಆ ತೊಟ್ಟಿಯ ಜಾಗದಲ್ಲಿ ಒಂದು ವಿಶೇಷ ಪತ್ರಹರಿತ್ತಿನ ಜೋಡಿ ಇದೆ. ಅಲ್ಲಿ ಎಲೆಕ್ಟ್ರಾನ್ ಮೇಲೆದ್ದ ಕೂಡಲೇ ಪಕ್ಕದ ಅಣು ಅದನ್ನು ಎತ್ತಿಕೊಂಡುಬಿಡುತ್ತದೆ. ಅದಕ್ಕೆ ಬೇಕಾಗುವುದು ಕೆಲವೇ ಪಿಕೋಸೆಕೆಂಡು. ಒಂದು ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಒಂದು ಪಿಕೋಸೆಕೆಂಡು. ಇಷ್ಟು ಅವಸರ ಯಾಕೆ? ತಡ ಮಾಡಿದರೆ ಎಲೆಕ್ಟ್ರಾನ್ ನಿಮ್ಮ ಲೋಟದಲ್ಲಿ ಬಿದ್ದ ಹಾಗೆ ವಾಪಸ್ ಬೀಳುತ್ತದೆ. ಅದು ತಾನಾಗಿ ಬೀಳುವುದಕ್ಕೆ ಬೇಕಾದ ಸಮಯಕ್ಕಿಂತ ನೂರಾರು ಪಟ್ಟು ಬೇಗ ಗಿಡ ಅದನ್ನು ಸಾಗಿಸುತ್ತದೆ. ಅದಕ್ಕೇ ಯಂತ್ರಕ್ಕೆ ಬಂದ ಬೆಳಕಿನ ಕಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎಲೆಕ್ಟ್ರಾನ್ ಸಾಗಿಸುವ ಕೆಲಸಕ್ಕೆ ಬರುತ್ತವೆ. ಬೆಳಕು ರಾಸಾಯನಿಕ ಶಕ್ತಿಯಾಗುವ ಕ್ಷಣ ಯಾವುದು ಅಂತ ನಿಮ್ಮ ಮಗಳು ಕೇಳಿದರೆ, ಬೆರಳಿಟ್ಟು ಇದನ್ನೇ ತೋರಿಸಿ.

ಎಲೆಕ್ಟ್ರಾನ್ ಕೊಟ್ಟ ಪತ್ರಹರಿತ್ತಿನಲ್ಲಿ ಈಗ ಒಂದು ಖಾಲಿ ಜಾಗ ಉಳಿಯಿತು. ಅದನ್ನು ತುಂಬದಿದ್ದರೆ ಕೆಲಸ ನಿಲ್ಲುತ್ತದೆ. ತುಂಬಲು ಗಿಡ ನೀರಿಗೆ ಕೈಹಾಕುತ್ತದೆ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ನೀರಿನಿಂದ ಎಲೆಕ್ಟ್ರಾನ್ ಕೀಳುವುದು ಸುಲಭವಲ್ಲ. ಆ ಕೆಲಸಕ್ಕೆ ನಾಲ್ಕು ಮ್ಯಾಂಗನೀಸ್ ಪರಮಾಣು, ಒಂದು ಕ್ಯಾಲ್ಸಿಯಂ ಪರಮಾಣು ಸೇರಿದ ಒಂದು ಪುಟ್ಟ ಗಂಟು ಇದೆ. ಸಂಡೂರಿನ ಬೆಟ್ಟಗಳಲ್ಲಿ ಅಗೆದು ತೆಗೆಯುತ್ತಾರಲ್ಲ, ಅದೇ ಮ್ಯಾಂಗನೀಸ್. ಬೆಳಕಿನ ಒಂದೊಂದು ಏಟಿಗೂ ಈ ಗಂಟು ಒಂದೊಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ನಾಲ್ಕು ಏಟು ತಿಂದ ಮೇಲೆ ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ತನ್ನ ನಷ್ಟ ತುಂಬಿಕೊಳ್ಳುತ್ತದೆ. ಆಗ ಉಳಿಯುವ ಎರಡು ಆಮ್ಲಜನಕದ ಪರಮಾಣುಗಳು ಜೊತೆ ಸೇರಿ ಗಾಳಿಗೆ ಹೋಗುತ್ತವೆ. ನಾವು ಈಗ ಎಳೆದುಕೊಂಡ ಉಸಿರು ಅಲ್ಲಿಂದ ಬಂದದ್ದು. 2011ರಲ್ಲಿ ಜಪಾನಿನ ಶೆನ್ ಮತ್ತು ಕಾಮಿಯಾ ಅವರ ತಂಡ ಈ ಗಂಟಿನ ಒಂದೊಂದು ಪರಮಾಣು ಎಲ್ಲಿದೆ ಅಂತ ಸ್ಪಷ್ಟವಾಗಿ ತೋರಿಸಿತು.

ಗಿಡ ಬಿಡುವ ಆಮ್ಲಜನಕ ಇಂಗಾಲದ ಡೈಆಕ್ಸೈಡ್ ಒಡೆದು ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. ಒಂದು ಕಾಲಕ್ಕೆ ವಿಜ್ಞಾನಿಗಳೂ ಹಾಗೇ ತಿಳಿದಿದ್ದರು. ಅನುಮಾನ ಬಂದದ್ದು ಬ್ಯಾಕ್ಟೀರಿಯಾದಿಂದ. ನೀರಿನ ಬದಲು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಳಸಿ ಬದುಕುವ ಕೆನ್ನೇರಳೆ ಬಣ್ಣದ ಬ್ಯಾಕ್ಟೀರಿಯಾಗಳಿವೆ. ಅವುಗಳಿಗೂ ಬೆಳಕು ಬೇಕು, ಅವೂ ಇಂಗಾಲದ ಡೈಆಕ್ಸೈಡ್ ಬಳಸುತ್ತವೆ. ಆದರೆ ಅವು ಆಮ್ಲಜನಕ ಬಿಡುವುದಿಲ್ಲ, ಗಂಧಕ ಬಿಡುತ್ತವೆ. 1930ರ ದಶಕದಲ್ಲಿ ವಾನ್ ನೀಲ್ ಎಂಬ ವಿಜ್ಞಾನಿ ಇದನ್ನು ನೋಡಿ ಯೋಚಿಸಿದರು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಒಡೆದು ಗಂಧಕ ಬರುತ್ತದೆ ಅಂದರೆ, ಗಿಡದಲ್ಲಿ ನೀರು ಒಡೆದೇ ಆಮ್ಲಜನಕ ಬರಬೇಕು. 1941ರಲ್ಲಿ ಅಮೆರಿಕದ ರೂಬೆನ್, ಕಾಮೆನ್ ಮತ್ತು ಜೊತೆಗಾರರು ತೂಕ ಜಾಸ್ತಿ ಇರುವ ಆಮ್ಲಜನಕ ಸೇರಿಸಿದ ನೀರನ್ನು ಪಾಚಿಗೆ ಕೊಟ್ಟರು. ಪಾಚಿ ಬಿಟ್ಟ ಗಾಳಿಯಲ್ಲಿ ಅದೇ ಭಾರದ ಆಮ್ಲಜನಕ ಸಿಕ್ಕಿತು.

ಮುಂದಕ್ಕೆ ಬರೋಣ. ಒಂದು ಸಲ ಎತ್ತಿದರೆ ಎಲೆಕ್ಟ್ರಾನ್ ಬೇಕಾದಷ್ಟು ಮೇಲೆ ಹೋಗುವುದಿಲ್ಲ. ಆಳದ ನೀರನ್ನು ಒಂದೇ ಪಂಪಿನಲ್ಲಿ ಗುಡ್ಡದ ಮೇಲಿನ ಹೊಲಕ್ಕೆ ಏರಿಸಲಾಗದಿದ್ದರೆ ಏನು ಮಾಡುತ್ತೀರಿ? ನಡುವೆ ತೊಟ್ಟಿ ಕಟ್ಟಿ ಎರಡನೇ ಪಂಪು ಕೂರಿಸುತ್ತೀರಿ, ಅಲ್ವಾ? ಗಿಡವೂ ಅದನ್ನೇ ಮಾಡಿದೆ. ಎರಡು ಕಡೆ ಬೆಳಕು ಹಿಡಿದು ಎರಡು ಸಲ ಎತ್ತುತ್ತದೆ. ಎರಡನೇ ಸಲ ಎತ್ತಿದ ಎಲೆಕ್ಟ್ರಾನನ್ನು ಎನ್‌ಎಡಿಪಿಎಚ್ ಎಂಬ ಅಣು ಹೊತ್ತುಕೊಂಡು ಹೋಗುತ್ತದೆ. ಅದನ್ನು ಕೂಲಿಯಾಳು ಅಂದುಕೊಳ್ಳಿ. ಹೊರೆ ಇಳಿಸಿ ಮತ್ತೆ ಬರುತ್ತದೆ.

ಎರಡು ಪಂಪುಗಳ ನಡುವೆ ಎಲೆಕ್ಟ್ರಾನ್ ಸ್ವಲ್ಪ ಇಳಿಯುತ್ತದೆ. ಆ ಇಳಿತವನ್ನೂ ಗಿಡ ಹಾಳುಮಾಡುವುದಿಲ್ಲ. ಅದರ ಬಲದಿಂದ ಪ್ರೋಟಾನುಗಳನ್ನು, ಅಂದರೆ ಹುಳಿಯ ಗುಣ ಕೊಡುವ ಜಲಜನಕದ ಕಣಗಳನ್ನು, ಪೊರೆಯ ಒಳಗೆ ತುಂಬುತ್ತದೆ. ಒಳಗೆ ಹುಳಿ ಹೆಚ್ಚಾಗುತ್ತದೆ, ಹೊರಗೆ ಕಡಿಮೆ. ಶರಾವತಿಯ ನೀರನ್ನು ಅಣೆಕಟ್ಟಿನ ಹಿಂದೆ ನಿಲ್ಲಿಸಿದ ಹಾಗೆ. ಹೊರಬರಲು ಪ್ರೋಟಾನುಗಳಿಗೆ ಇರುವುದು ಒಂದೇ ದಾರಿ, ಆ ದಾರಿಯಲ್ಲಿ ಒಂದು ಟರ್ಬೈನ್ ಕೂತಿದೆ. ಹೋಲಿಕೆಗೆ ಟರ್ಬೈನ್ ಅನ್ನುತ್ತಿಲ್ಲ, ಅದು ನಿಜವಾಗಿ ಗಿರ್ರನೆ ತಿರುಗುತ್ತದೆ. ಪಾಲಕ್ ಎಲೆಯಲ್ಲಿ ಅದರ ಚಕ್ರಕ್ಕೆ 14 ಹಲ್ಲುಗಳಿವೆ. 14 ಪ್ರೋಟಾನು ದಾಟಿದರೆ ಒಂದು ಸುತ್ತು, ಒಂದು ಸುತ್ತಿಗೆ ಮೂರು ಎಟಿಪಿ. ಎಟಿಪಿ ಅನ್ನುವುದು ಜೀವಕೋಶದ ಚಿಲ್ಲರೆ ದುಡ್ಡು. ಸಣ್ಣ ಸಣ್ಣ ಖರ್ಚಿಗೆಲ್ಲ ಅದೇ ಬೇಕು.

ಈ ಅಣೆಕಟ್ಟಿನ ಮಾತನ್ನು ಮೊದಲು ಹೇಳಿದವರು ಇಂಗ್ಲೆಂಡಿನ ಪೀಟರ್ ಮಿಚೆಲ್, 1961ರಲ್ಲಿ. ಹೆಚ್ಚಿನವರು ಒಪ್ಪಲಿಲ್ಲ. 1966ರಲ್ಲಿ ಅಮೆರಿಕದ ಯಾಗೆಂಡಾರ್ಫ್ ಮತ್ತು ಉರಿಬೆ ಒಂದು ಸರಳವಾದ ಪ್ರಯೋಗ ಮಾಡಿದರು. ಪಾಲಕ್‌ನಿಂದ ತೆಗೆದ ಹಸಿರು ಪೊರೆಗಳನ್ನು ಕತ್ತಲಲ್ಲಿ ಹುಳಿ ದ್ರಾವಣದಲ್ಲಿ ನೆನೆಸಿದರು. ಒಳಗೆಲ್ಲ ಹುಳಿ ತುಂಬಿದ ಮೇಲೆ ತಟ್ಟನೆ ಕ್ಷಾರದ ದ್ರಾವಣಕ್ಕೆ ಹಾಕಿದರು. ಬೆಳಕಿನ ಒಂದು ಎಳೆಯೂ ಇಲ್ಲದೆ ಎಟಿಪಿ ತಯಾರಾಯಿತು! ಟರ್ಬೈನಿಗೆ ಬೇಕಾದದ್ದು ನೀರಿನ ಒತ್ತಡ, ನೀರನ್ನು ಮೇಲಕ್ಕೆ ಏರಿಸಿದ್ದು ಮಳೆಯೋ ಪಂಪೋ ಅನ್ನುವುದು ಅದಕ್ಕೆ ಬೇಕಿಲ್ಲ. ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು. ಬೆಳಕಿನ ಪಾಲು ಎಲ್ಲಿ ಮುಗಿಯುತ್ತದೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ನನಗೆ ಬೇರೆ ಗೊತ್ತಿಲ್ಲ.

ಈಗ ಗಿಡದ ಕೈಯಲ್ಲಿ ಎಟಿಪಿ ಇದೆ, ಎಲೆಕ್ಟ್ರಾನ್ ಹೊತ್ತ ಎನ್‌ಎಡಿಪಿಎಚ್ ಇದೆ. ಎರಡನ್ನೂ ಕೂಡಿಡಲು ಆಗುವುದಿಲ್ಲ. ದೀಪ ಆರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಖಾಲಿ. ಅದಕ್ಕೇ ಅವನ್ನು ಖರ್ಚು ಮಾಡಿ ಸಕ್ಕರೆ ಕಟ್ಟುತ್ತದೆ. ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡನ್ನು ರುಬಿಸ್ಕೊ ಎಂಬ ಕಿಣ್ವ (ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಪ್ರೋಟೀನು) ಹಿಡಿದು, ಐದು ಇಂಗಾಲದ ಒಂದು ಅಣುವಿಗೆ ಅಂಟಿಸುತ್ತದೆ. ಅದು ಮುರಿದು ಮೂರು ಇಂಗಾಲದ ಎರಡು ತುಂಡಾಗುತ್ತದೆ. ಎಟಿಪಿ ಮತ್ತು ಎನ್‌ಎಡಿಪಿಎಚ್ ಸೇರಿ ಆ ತುಂಡುಗಳನ್ನು ಸಕ್ಕರೆಯ ಮಟ್ಟಕ್ಕೆ ಏರಿಸುತ್ತವೆ. ಹೀಗೆ ತಯಾರಾದ ಆರು ತುಂಡುಗಳಲ್ಲಿ ಐದು ಮತ್ತೆ ಅದೇ ಚಕ್ರಕ್ಕೆ ವಾಪಸ್ ಹೋಗುತ್ತವೆ. ಮನೆಗೆ ಬರುವುದು ಒಂದು. ಬಿತ್ತನೆಗೆ ಎತ್ತಿಟ್ಟು ಉಳಿದದ್ದನ್ನು ಉಣ್ಣುವ ಲೆಕ್ಕವೇ ಇದು, ಆದರೆ ಬಿತ್ತನೆಯ ಪಾಲು ಬಹಳ ಜಾಸ್ತಿ. ಅಮೆರಿಕದ ಬರ್ಕ್ಲಿಯಲ್ಲಿ ಕ್ಯಾಲ್ವಿನ್, ಬೆನ್ಸನ್, ಬಾಶಮ್ ವಿಕಿರಣ ಸೂಸುವ ಇಂಗಾಲವನ್ನು ಪಾಚಿಗೆ ಉಣಿಸಿ, ಅದರ ಜಾಡು ಹಿಡಿದು ಈ ಚಕ್ರ ಕಂಡುಹಿಡಿದರು. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಬಂತು.

ಈ ಭಾಗಕ್ಕೆ ಕೆಲವು ಪುಸ್ತಕಗಳಲ್ಲಿ 'ಕತ್ತಲೆ ಕ್ರಿಯೆ' ಎಂಬ ಹೆಸರಿದೆ. ನನಗೆ ಆ ಹೆಸರು ಸರಿ ಅನ್ನಿಸುವುದಿಲ್ಲ. ರಾತ್ರಿ ನಡೆಯುವ ಕೆಲಸ ಅಂತ ಮಕ್ಕಳು ತಿಳಿದುಬಿಡುತ್ತಾರೆ. ನಿಮ್ಮ ಭತ್ತದಲ್ಲಿ ಇದು ಹಗಲಲ್ಲೇ ನಡೆಯುತ್ತದೆ. ಕತ್ತಲಾದರೆ ನಿಂತುಹೋಗುತ್ತದೆ. ಬೆಳಕು ಇದಕ್ಕೆ ನೇರವಾಗಿ ಬೇಡ ಅನ್ನುವುದಷ್ಟೇ ಆ ಹೆಸರಿನ ಅರ್ಥ.

ಆ ಸಕ್ಕರೆ ಎಲೆಯಿಂದ ಹೊರಟು, ದಂಟಿನ ನಾಳಗಳಲ್ಲಿ ಹರಿದು, ಹಾಲುಗಟ್ಟುವ ತೆನೆಗೆ ಸೇರುತ್ತದೆ. ಕಾಳಿನೊಳಗೆ ಪಿಷ್ಟವಾಗಿ ಗಟ್ಟಿಯಾಗುತ್ತದೆ. ಅದೇ ಅಕ್ಕಿ.

ಈಗ ನಿಮ್ಮ ಮಗಳ ಪ್ರಶ್ನೆಗೆ ಮತ್ತೆ ಬರುತ್ತೇನೆ. ಅಕ್ಕಿಯಲ್ಲಿ ಶಕ್ತಿ ಎಲ್ಲಿದೆ? 'ಪರಮಾಣುಗಳ ನಡುವಿನ ಬಂಧದಲ್ಲಿ ಶಕ್ತಿ ಅಡಗಿದೆ, ಬಂಧ ಮುರಿದರೆ ಹೊರಬರುತ್ತದೆ' ಅಂತ ಬಹಳ ಕಡೆ ಹೇಳಿಕೊಡುತ್ತಾರೆ. ಅದು ತಪ್ಪು. ಬಂಧ ಮುರಿಯಲು ಶಕ್ತಿ ಖರ್ಚಾಗುತ್ತದೆ. ಶಕ್ತಿ ಬರುವುದು ಹೊಸ, ಇನ್ನೂ ಗಟ್ಟಿಯಾದ ಬಂಧ ಏರ್ಪಟ್ಟಾಗ. ಅಂದರೆ ಇಂಗಾಲ ಮತ್ತು ಜಲಜನಕ ವಾಪಸ್ ಹೋಗಿ ಆಮ್ಲಜನಕವನ್ನು ಸೇರಿದಾಗ. ಮೂಟೆ ನೆಲ ಮುಟ್ಟಿದಾಗ.

ಇದಕ್ಕೆ ಸಾಕ್ಷಿ ನಿಮ್ಮ ಒಲೆಯಲ್ಲೇ ಇದೆ. ಕೆಂಪಗೆ ಉರಿಯುವ ಕೆಂಡವನ್ನು ಡಬ್ಬಿಗೆ ಹಾಕಿ ಗಟ್ಟಿಯಾಗಿ ಮುಚ್ಚಳ ಹಾಕಿ. ಕೆಂಡ ಆರುತ್ತದೆ, ಇದ್ದಿಲು ಉಳಿಯುತ್ತದೆ. ಶಕ್ತಿಯೆಲ್ಲ ಇದ್ದಿಲಿನೊಳಗೇ ಇದ್ದಿದ್ದರೆ ಗಾಳಿ ಯಾಕೆ ಬೇಕಿತ್ತು? ಮುಚ್ಚಳ ತೆಗೆದು ಕಿಡಿ ತಾಗಿಸಿ ಊದಿದರೆ ಮತ್ತೆ ಉರಿಯುತ್ತದೆ. ಗಿಡ ಮಾಡಿದ ಬ್ಯಾಟರಿಗೆ ಎರಡು ತುದಿ. ಒಂದು ತುದಿ ಅಕ್ಕಿಯಲ್ಲಿ, ಸೌದೆಯಲ್ಲಿ, ಬೆಲ್ಲದಲ್ಲಿ ಇದೆ. ಇನ್ನೊಂದು ತುದಿಯನ್ನು ಗಿಡ ಎಂದೋ ಗಾಳಿಗೆ ಬಿಟ್ಟಿದೆ. ಅದಕ್ಕೇ ನಾವು ಅನ್ನ ಉಂಡರಷ್ಟೇ ಸಾಲದು, ಉಸಿರಾಡಲೂ ಬೇಕು. ಅನ್ನದ ಎಲೆಕ್ಟ್ರಾನುಗಳು ನಮ್ಮ ಜೀವಕೋಶಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಉಸಿರಿನ ಆಮ್ಲಜನಕವನ್ನು ಸೇರಿ ಮತ್ತೆ ನೀರಾಗುತ್ತವೆ.

ಹಾಗಾದರೆ ಒಲೆಯ ಬೆಂಕಿಯ ಬೆಳಕು? ಅದು ಹಳೆಯ ಬಿಸಿಲಲ್ಲ, ಹೊಸ ಬೆಳಕು. ಬಿದ್ದ ಮೂಟೆಯ ಸದ್ದಿದ್ದ ಹಾಗೆ. ಕತ್ತಲಲ್ಲಿ ಅಕ್ಕಿ ಹೊಳೆಯುವುದಿಲ್ಲ ನಿಜ. ಆದರೆ ಮುಂಗಾರು ಶುರುವಾಗುವಾಗ ಬೇಲಿಯ ಮೇಲೆ ಮಿಂಚುಹುಳ ಹೊಳೆಯುತ್ತದಲ್ಲ, ಅದು ಎಟಿಪಿಯನ್ನೂ ಆಮ್ಲಜನಕವನ್ನೂ ಬಳಸಿಯೇ ಬೆಳಕು ಮಾಡುತ್ತದೆ. ಆ ಎಟಿಪಿಯ ಮೂಲ ಹುಡುಕುತ್ತಾ ಹೋದರೆ ಯಾವುದೋ ಎಲೆಗೆ ಬಿದ್ದ ಬಿಸಿಲಿಗೇ ಬರುತ್ತೀರಿ. ಮಗಳಿಗೆ ಇದನ್ನು ಖಂಡಿತ ಹೇಳಿ.

ಸ್ವಲ್ಪ ಲೆಕ್ಕ ನೋಡೋಣ. ನಮ್ಮ ಕಡೆ ಒಂದು ಚದರ ಮೀಟರ್ ನೆಲಕ್ಕೆ ಒಳ್ಳೆಯ ಬಿಸಿಲಿನ ದಿನ ಸುಮಾರು 5 ಯೂನಿಟ್ ಶಕ್ತಿ ಬೀಳುತ್ತದೆ. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಎಲೆಗೆ ಉಪಯೋಗಕ್ಕೆ ಬಾರದ ಬೆಳಕು. ಉಳಿದದ್ದರಲ್ಲೂ ಸೋರಿಕೆ ಇದೆ. ನೀಲಿ ಬೆಳಕಿನಲ್ಲಿ ಕೆಂಪಿಗಿಂತ ಶಕ್ತಿ ಜಾಸ್ತಿ, ಆದರೆ ಆ ಹೆಚ್ಚುವರಿ ಬಿಸಿಯಾಗಿ ಹೋಗುತ್ತದೆ. ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಸಕ್ಕರೆಗೆ ಏರಿಸಲು ಕಡಿಮೆ ಅಂದರೂ ಎಂಟು ಬೆಳಕಿನ ಕಣಗಳು ಬೇಕು. ಎಂಟೂ ಕೆಂಪು ಕಣಗಳೇ ಆದರೂ ಅವುಗಳ ಶಕ್ತಿಯಲ್ಲಿ ಸಕ್ಕರೆಗೆ ಸೇರುವುದು ಮೂರನೇ ಒಂದು ಭಾಗ. ಗಿಡ ತಾನು ಬದುಕಲೂ ಸಕ್ಕರೆ ಸುಡಬೇಕು. ಎಲ್ಲ ಕಳೆದು, ಬೆಳೆಗೆ ಉಳಿಯುವುದು ಬಿದ್ದ ಬಿಸಿಲಿನ ನೂರಕ್ಕೆ ಸುಮಾರು ಒಂದು ಪಾಲು. ಒಂದು ಚದರ ಮೀಟರಿಗೆ ಒಂದು ದಿನಕ್ಕೆ 11 ಗ್ರಾಂ ಸಕ್ಕರೆಯಷ್ಟು. ಎರಡು ಮೂರು ಚಮಚ.

ಸೋಲಾರ್ ಪ್ಯಾನಲ್ಲು ನೂರಕ್ಕೆ ಇಪ್ಪತ್ತು ಪಾಲು ಹಿಡಿಯುತ್ತದೆ, ಗಿಡ ಒಂದೇ ಪಾಲು ಅಂತ ಕೆಲವರು ಹಗುರವಾಗಿ ಮಾತಾಡುತ್ತಾರೆ. ಈ ಹೋಲಿಕೆ ನ್ಯಾಯವಲ್ಲ. ಪ್ಯಾನಲ್ಲು ಕರೆಂಟ್ ಕೊಡುತ್ತದೆ, ಕೂಡಿಡುವುದಿಲ್ಲ. ಗಿಡ ಹಿಡಿಯುತ್ತದೆ, ಕೂಡಿಡುತ್ತದೆ, ತನ್ನ ಪ್ಯಾನಲ್ಲನ್ನು ತಾನೇ ಬೆಳೆಸುತ್ತದೆ, ಹಾಳಾದರೆ ತಾನೇ ಸರಿಮಾಡಿಕೊಳ್ಳುತ್ತದೆ. ಅದೂ ಒಂದೇ ಒಂದು ಕಾಳಿನಿಂದ ಶುರುಮಾಡಿಕೊಂಡು!

ಇನ್ನು ನಿಮ್ಮ ಪ್ರಶ್ನೆ. ಕಬ್ಬಿಗೂ ಭತ್ತಕ್ಕೂ ವ್ಯತ್ಯಾಸ ರುಬಿಸ್ಕೊ ಹತ್ತಿರ ಇದೆ. ಈ ಕಿಣ್ವ ಬಹಳ ನಿಧಾನ. ಸೆಕೆಂಡಿಗೆ ಮೂರು ನಾಲ್ಕು ಅಣು ಹಿಡಿದರೆ ಹೆಚ್ಚು. ಅದಕ್ಕೇ ಎಲೆ ಅದನ್ನು ರಾಶಿ ರಾಶಿ ಇಟ್ಟುಕೊಳ್ಳಬೇಕು. ಭತ್ತದಂಥ ಗಿಡದ ಎಲೆಯಲ್ಲಿರುವ ಸಾರಜನಕದ ಕಾಲು ಭಾಗದಷ್ಟು ಇದೊಂದಕ್ಕೇ ಹೋಗುತ್ತದೆ. ನೀವು ಗದ್ದೆಗೆ ಎರಚುವ ಯೂರಿಯಾದ ಒಂದು ದೊಡ್ಡ ಪಾಲು ರುಬಿಸ್ಕೊ ಆಗುತ್ತದೆ ಅಂದುಕೊಳ್ಳಿ. ಬರೀ ನಿಧಾನ ಆಗಿದ್ದರೆ ಪರವಾಗಿರಲಿಲ್ಲ, ಅದು ತಪ್ಪೂ ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಗಾಳಿಯಲ್ಲಿ ಆಮ್ಲಜನಕ 21 ಪಾಲು, ಇಂಗಾಲದ ಡೈಆಕ್ಸೈಡ್ 0.04 ಪಾಲು. ಐನೂರು ಪಟ್ಟು ವ್ಯತ್ಯಾಸ ಇರುವಾಗ ತಪ್ಪುವುದು ಸಹಜ. ಈ ಕಿಣ್ವ ಹುಟ್ಟಿದ ಕಾಲಕ್ಕೆ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಅನ್ನಬಹುದು. ತಪ್ಪಾದಾಗ ಕಟ್ಟಿದ ಸಕ್ಕರೆಯ ಸ್ವಲ್ಪ ಭಾಗ ಮತ್ತೆ ಗಾಳಿಗೆ ಹೋಗುತ್ತದೆ. ಬಿಸಿಲು ಏರಿ ಎಲೆ ಕಾದಷ್ಟೂ ತಪ್ಪು ಜಾಸ್ತಿ. ಬೇಸಿಗೆಯ ಭತ್ತದಲ್ಲಿ ಈ ನಷ್ಟ ಕಾಲು ಭಾಗದಷ್ಟಾಗಬಹುದು.

ಕಬ್ಬು ಇದಕ್ಕೆ ಉಪಾಯ ಕಂಡುಕೊಂಡಿದೆ. ಕಬ್ಬಿನ ಗರಿಯಲ್ಲಿ ಪ್ರತಿ ನರದ ಸುತ್ತ ಬಳೆಯ ಹಾಗೆ ಒಂದು ಸಾಲು ಜೀವಕೋಶಗಳಿವೆ. ರುಬಿಸ್ಕೊ ಇರುವುದು ಅಲ್ಲಿ ಮಾತ್ರ. ಹೊರಸಾಲಿನ ಕೋಶಗಳು ಬೇರೆ ಕಿಣ್ವದಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತವೆ. ಆ ಕಿಣ್ವ ಆಮ್ಲಜನಕಕ್ಕೆ ಮೋಸಹೋಗುವುದಿಲ್ಲ. ಹಿಡಿದದ್ದನ್ನು ನಾಲ್ಕು ಇಂಗಾಲದ ಆಮ್ಲ ಮಾಡಿ ಒಳಸಾಲಿಗೆ ದಾಟಿಸುತ್ತವೆ. ಅಲ್ಲಿ ಅದು ಬಿಚ್ಚಿಕೊಂಡು, ರುಬಿಸ್ಕೊ ಸುತ್ತ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹಲವು ಪಟ್ಟು ದಟ್ಟವಾಗುತ್ತದೆ. ಆಮ್ಲಜನಕಕ್ಕೆ ಅವಕಾಶವೇ ಸಿಗುವುದಿಲ್ಲ. ಕಬ್ಬಿನಲ್ಲಿ ಏನೋ ಬೇರೆ ನಡೆಯುತ್ತಿದೆ ಅಂತ ಹವಾಯಿಯಲ್ಲಿ ಮೊದಲೇ ಗಮನಿಸಿದ್ದರು. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಈ ದಾರಿಯನ್ನು ಬಿಡಿಸಿ ತೋರಿಸಿದರು. ಇದಕ್ಕೆ ಸಿ4 ಅಂತ ಹೆಸರು, ಭತ್ತದ ದಾರಿಗೆ ಸಿ3.

ನಿಮ್ಮ ರಾಗಿಯೂ ಸಿ4. ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ ಎಲ್ಲವೂ. ಹಾಗಿದ್ದರೆ ರಾಗಿ ಯಾಕೆ ಕಬ್ಬಿನಷ್ಟು ಬೆಳೆಯುವುದಿಲ್ಲ ಅಂತ ಕೇಳುತ್ತೀರಿ. ಕಬ್ಬಿಗೆ ವರ್ಷವಿಡೀ ಸಮಯ, ನಾಲೆಯ ನೀರು, ಗೊಬ್ಬರ. ರಾಗಿಗೆ ನಾಲ್ಕು ತಿಂಗಳು, ಮಳೆ ಬಂದರೆ ನೀರು, ಕೆಂಪು ನೆಲ. ಭತ್ತವನ್ನು ಕಬ್ಬಿಗೆ ಹೋಲಿಸುವಾಗಲೂ ಈ ಸಮಯದ ಲೆಕ್ಕ ಮರೆಯಬಾರದು. ಆದರೆ ಸಿ4 ಬಲ ರಾಗಿಗೆ ಬೇರೆ ರೀತಿ ಒದಗುತ್ತದೆ. ಎಲೆಯ ರಂಧ್ರಗಳನ್ನು ಅರ್ಧ ಮುಚ್ಚಿದರೂ ಅದರ ಕೆಲಸ ನಡೆಯುತ್ತದೆ. ಹಾಗಾಗಿ ಅಷ್ಟೇ ಬೆಳೆಗೆ ಕಡಿಮೆ ನೀರು ಸಾಕು. ಈ ಉಪಾಯ ಪುಕ್ಕಟೆ ಅಲ್ಲ. ಪ್ರತಿ ಇಂಗಾಲಕ್ಕೂ ಎರಡು ಎಟಿಪಿ ಹೆಚ್ಚು ಖರ್ಚು. ಅದಕ್ಕೇ ಚಳಿ ಮತ್ತು ಮೋಡದ ಊರುಗಳಲ್ಲಿ ಸಿ3 ಗಿಡಗಳೇ ಗೆಲ್ಲುತ್ತವೆ. ಭತ್ತಕ್ಕೂ ಸಿ4 ದಾರಿ ಕಲಿಸುವ ಪ್ರಯತ್ನ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯೂ ಸೇರಿ ಹಲವು ಕಡೆ ನಡೆದಿದೆ. ಎಲೆಯ ಒಳರಚನೆಯನ್ನೇ ಬದಲಿಸಬೇಕಾದ ಕೆಲಸ ಅದು.

ಕೊನೆಗೆ ಇನ್ನೊಂದು ಉಪಾಯ, ಇದಕ್ಕೆ ನಮ್ಮ ಬೆಂಗಳೂರಿನ ನಂಟಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಆಗ ಕೆಲ ಕಾಲ ಅದನ್ನು ನೋಡಿಕೊಂಡವರು ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್. ಎಲೆ ನೆಲಕ್ಕೆ ಬಿದ್ದರೆ ಅಂಚಿನಲ್ಲೇ ಮರಿಗಿಡ ಹುಟ್ಟುವ ಕಾಡುಬಸಳೆ ನಿಮಗೆ ಗೊತ್ತಿರಬೇಕು. ಭಾರತದಲ್ಲಿದ್ದಾಗ ಹೇನ್ ಅದರ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ತಿಂದು ನೋಡಿದ್ದರು. ಬೆಳಿಗ್ಗೆ ಸಿಕ್ಕಾಪಟ್ಟೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. ಇದನ್ನು 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ಪ್ರಕೃತಿ ವಿಜ್ಞಾನಿಗಳ ಸಂಘಕ್ಕೆ ಪತ್ರದಲ್ಲಿ ತಿಳಿಸಿದರು. ಕಾರಣ ಪೂರ್ತಿ ತಿಳಿಯಲು ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಈ ಗಿಡ ಹಗಲು ನೀರು ಉಳಿಸಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತಂದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬಿಸಿಲು ಬಂದ ಮೇಲೆ ಬಾಗಿಲು ಮುಚ್ಚಿಕೊಂಡು, ಆ ಆಮ್ಲವನ್ನು ಬಿಚ್ಚಿ ಸಕ್ಕರೆ ಮಾಡುತ್ತದೆ. ಅನಾನಸ್, ಪಾಪಸುಕಳ್ಳಿ ಮಾಡುವುದೂ ಇದನ್ನೇ.

ನಿಮ್ಮ ಮಗಳು ಇದನ್ನೂ ಮಾಡಿ ನೋಡಬಹುದು. ಆದರೆ ಹೇನ್ ಹಾಗೆ ತಿನ್ನುವುದು ಬೇಡ. ಆ ಎಲೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವಂಥ ಅಂಶಗಳಿವೆ. ಶಾಲೆಯ ಲ್ಯಾಬಿನಿಂದ ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದ ನಾಲ್ಕು ಕೇಳಿ ತರಲಿ. ಸೂರ್ಯ ಹುಟ್ಟುವ ಮುಂಚೆ ಒಂದು ಎಲೆ ಕಿತ್ತು, ಜಜ್ಜಿ, ರಸದಲ್ಲಿ ಕಾಗದ ಅದ್ದಲಿ. ಚೆನ್ನಾಗಿ ಬಿಸಿಲು ಕಾದ ದಿನ ಸಂಜೆ ನಾಲ್ಕಕ್ಕೆ ಅದೇ ಗಿಡದ ಇನ್ನೊಂದು ಎಲೆ. ಎರಡೂ ಕಾಗದವನ್ನು ಪಕ್ಕಪಕ್ಕ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ಹೊತ್ತು ಬರೆದಿಡಲಿ. ಮಾರನೇ ದಿನ ಅದೇ ಗಿಡದ ಒಂದು ಕೊಂಬೆಗೆ ಕಪ್ಪು ಬಟ್ಟೆ ಸುತ್ತಿ, ಸಂಜೆ ಅದರ ಎಲೆಯ ರಸವನ್ನೂ ನೋಡಲಿ. ಆ ಎಲೆಯ ಹುಳಿ ಎಷ್ಟು ಇಳಿಯಿತು, ಬಿಸಿಲು ಕಂಡ ಎಲೆಯದು ಎಷ್ಟು ಇಳಿದಿತ್ತು ಅಂತ ನನಗೂ ಬರೆಯಲಿ.